ಬರೆಯದೆ ಉಳಿದ ಹತ್ತು ನಿಮಿಷ

ಸಂಸತ್ತಿನಲ್ಲಿ ಯಾರೇ ಬಾಯಿ ತೆರೆಯುವ ಮೊದಲೇ ನನ್ನ ಪೆನ್ಸಿಲ್ ಅವರ ಮಾತು ಮುಗಿಸಿ, ಪೂರ್ಣವಿರಾಮ ಇಟ್ಟು, ಆಕಳಿಸುತ್ತ ಕೂತಿರುತ್ತಿತ್ತು. ಅಂಥ ಶೀಘ್ರಲಿಪಿಕಾರ ನಾನು. ಆ ವೇಗಕ್ಕೆ ಎರಡು ಸಲ ಕಾಗದ ಹೊತ್ತಿಕೊಂಡದ್ದೂ ಉಂಟು.

“ಹಳೇ ಪ್ರಧಾನಿಗಳ ಒಂದು ಕೆಮ್ಮನ್ನೂ ನಾನು ಬಿಟ್ಟಿಲ್ಲ” ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ.

“ಸುಮ್ನಿರಪ್ಪಾ, ಬುರುಡೆಗೂ ಒಂದು ಮಿತಿ ಬೇಡ್ವಾ?” ಎನ್ನುತ್ತಿದ್ದಳು ಟೈಪಿಸ್ಟ್ ಅಕ್ಕ.

ಆ ಪ್ರಧಾನಿಗಳು ರಾಜೀನಾಮೆ ಕೊಟ್ಟು ಹೋಗಿ ಹದಿನೈದು ವರ್ಷ. ಆ ಕುರ್ಚಿಯಲ್ಲಿ ಯಾರ್ಯಾರೋ ಕೂತರು. ಎಲ್ಲರ ಮಾತನ್ನೂ ಬರೆದೆ. ಕೈ ಬರೆಯುತ್ತಿದ್ದರೂ ಕಿವಿ ಮಾತ್ರ ಅವರ ನಿಧಾನದ ದನಿಗೆ ಹಾತೊರೆಯುತ್ತಿತ್ತು. ಈ ಸಲ ಮತ್ತೆ ಗೆದ್ದು, ಬರೀ ಸದಸ್ಯರಾಗಿ, ಕೊನೆಯ ಸಾಲಿಗೆ ಬಂದರು. ಅಧಿವೇಶನದ ಎರಡನೆಯ ಮಧ್ಯಾಹ್ನ ನೇರ ನಮ್ಮ ಕೋಣೆಗೇ ಬಂದರು, ಕಂಕುಳಲ್ಲಿ ಹಳೆಯ ನಡಾವಳಿ ಪುಸ್ತಕ.

“ನಾಳೆ ನಂಗೆ ಐದು ನಿಮಿಷ ಕೊಟ್ಟಿದಾರೆ. ರಾಜೀನಾಮೆ ದಿನ ಎಲ್ಲಿ ನಿಲ್ಸಿದ್ನೋ ಅಲ್ಲಿಂದ್ಲೇ ಶುರು ಮಾಡ್ಬೇಕು. ಅವತ್ತು ಕೈಲಿ ಚೀಟಿ ಇರ್ಲಿಲ್ಲ, ಈಗ ನೆನಪೂ ಇಲ್ಲ. ಇದ್ರಲ್ಲಿ ನೋಡಿದ್ರೆ, ‘ಸರ್ಕಾರ ಜನಹಿತಕ್ಕೆ ಬದ್ಧವಾಗಿದೆ’ ಅಂತಿದೆ! ಹುಟ್ಟಿದಾಗಿಂದ ಇಂಥ ಸಪ್ಪೆ ಮಾತು ಆಡಿಲ್ಲಪ್ಪ ನಾನು.”

“ಇವನನ್ನೇ ಕೇಳಿ ಸಾರ್,” ಅಕ್ಕ ನನ್ನತ್ತ ಬೆರಳು ತೋರಿದಳು. “ನಿಮ್ಮ ಕೆಮ್ಮನ್ನೂ ಬಿಟ್ಟಿಲ್ವಂತೆ.”

ನಮ್ಮಲ್ಲಿ ಒಬ್ಬೊಬ್ಬರದು ಹತ್ತು ನಿಮಿಷದ ಪಾಳಿ. ರಾಜೀನಾಮೆ ದಿನ ಅವರು ಮಾತಾಡಿದ ಹತ್ತು ನಿಮಿಷ ನನ್ನದೇ ಆಗಿತ್ತು. ಹಳೆಯ ನೋಟ್‌ಬುಕ್‌ಗಳಿರುವ ಬೀರುವಿನ ಕೀಲಿ ಕಳೆದಿದೆ ಎಂದೆ. ಅಕ್ಕ ಅದನ್ನು ನನ್ನ ಜೇಬಿನಿಂದಲೇ ತೆಗೆದಳು. ತಾರೀಖು ನೋಡಿ ನೋಟ್‌ಬುಕ್ ಬಿಡಿಸಿದಳು. ಎರಡೇ ಸಾಲು. ಆಮೇಲೆ ಪುಟವೆಲ್ಲ ಖಾಲಿ.

ಪೆನ್ಸಿಲ್ ಮುರಿದಿತ್ತು ಎನ್ನಲು ಬಾಯಿ ತೆರೆದೆ. ಅವರು ಆ ಖಾಲಿ ಪುಟದ ಮೇಲೆ ಬೆರಳಾಡಿಸುತ್ತಿದ್ದರು. ನಿಜವನ್ನೇ ಹೇಳಿಬಿಟ್ಟೆ.

“ಬರೀಲಿಲ್ಲ ಸಾರ್. ಗೆದ್ದವನು ಮೊದ್ಲು ತನಗೆ ಓಟು ಹಾಕದೋರ ಮನೆ ಬಾಗಿಲು ತಟ್ಟಬೇಕು ಅಂದ್ರಿ. ನಾನು ನಿಮಗೆ ಓಟು ಹಾಕಿರ್ಲಿಲ್ಲ. ನನ್ನನ್ನೇ ನೋಡಿ ಹೇಳ್ದಂಗಾಯ್ತು. ಪೆನ್ಸಿಲ್ ಕೆಳಗಿಟ್ಟು ಕೇಳ್ತಾ ಕೂತ್ಬಿಟ್ಟೆ. ಆಮೇಲೆ ತುಂಬಿಸಿದ ಆ ಸಪ್ಪೆ ಮಾತು ನಂದು.”

ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. “ಆಮೇಲೆ? ಮುಂದೆ ಏನಂದೆ ನಾನು?”

“ದನಿ ನೆನಪಿದೆ ಸಾರ್, ಇವತ್ತಿಗೂ,” ಎಂದೆ. “ಮಾತು ಒಂದೂ ಇಲ್ಲ.”