ಇಪ್ಪತ್ತೆಂಟು ದಿನದ ಕಾವು

ಭೈರುಂಬೆಯ ಸುತ್ತ ಯಾರ ಮನೆಯ ಕೋಳಿ ಕಾವು ಕೆಡಿಸಿಕೊಂಡರೂ ಜನ ಬರುವುದು ನಾಗಿಯ ಹತ್ತಿರ. ಅವಳ ಹೇಂಟೆಗಳು ಕೂತವೆಂದರೆ ಕೂತವು. ಇಪ್ಪತ್ತೊಂದನೆಯ ದಿನ ಮರಿ ಏಳಲೇಬೇಕು. ಹಾಗಾಗಿ ಹೆಗಡೇರ ಮನೆಯ ರಾಜೀವಿ ಹಿತ್ತಿಲ ಬೇಲಿಯಾಚೆ ನಿಂತು, ಸೆರಗಿನಲ್ಲಿ ಏಳು ಬಾತಿನ ಮೊಟ್ಟೆ ಮುಚ್ಚಿಟ್ಟುಕೊಂಡು ಕರೆದಾಗ, ನಾಗಿ ಎರಡು ಸಲ ಯೋಚಿಸಲಿಲ್ಲ. ಏಳಕ್ಕೆ ಏಳೂ ಮರಿ ಮಾಡಿ ಕೊಡುತ್ತೇನೆ ಅಂದುಬಿಟ್ಟಳು.

ರಾಜೀವಿಯ ಕಥೆ ಬೇರೆಯೇ ಇತ್ತು. ತರಕಾರಿ ಮಡಿಗೆ ಬೀಳುವ ಬಸವನಹುಳು ತಿನ್ನಲಿ ಎಂದು ಅವಳು ಒಂದು ಜೋಡಿ ಬಾತು ತಂದಿದ್ದಳು. ಮೊಟ್ಟೆಯೆಂಬುದು ಹೊಸಿಲು ದಾಟದ ಮನೆ ಅದು. ಹುಳು ತಿನ್ನುವ ಹಕ್ಕಿ ಹಿತ್ತಿಲಲ್ಲೇ ಇದ್ದುಕೊಳ್ಳಲಿ ಎಂದು ಅತ್ತೆ ವೆಂಕಮ್ಮ ಹೇಗೋ ಒಪ್ಪಿದ್ದರು. ಬಸಳೆ ಚಿಗುರಿತು, ಅವರ ಸಿಟ್ಟೂ ಇಳಿಯಿತು. ಹೀಗಿರುವಾಗ ಒಂದು ಸಂಜೆ ರಾಜೀವಿ ಗೂಡಿನ ಅಗಳಿ ಹಾಕುವುದನ್ನು ಮರೆತಳು. ನರಿ ಹೆಣ್ಣನ್ನೇ ಹೊತ್ತೊಯ್ದಿತು. ಗಂಡು ಬಾತು ಮೂರು ದಿನ ಕಾಳು ಮುಟ್ಟದೆ ಹಿತ್ತಿಲೆಲ್ಲ ಹುಡುಕಾಡಿತು. ಆಮೇಲೆ ಹುಲ್ಲಿನ ಬಣವೆಯ ಬುಡದಲ್ಲಿ ಸಿಕ್ಕಿದ್ದು ಈ ಏಳು ಮೊಟ್ಟೆ. ಅವು ಹೋದರೆ ಆ ಹೆಣ್ಣಿನದೆಂದು ಹೇಳಲು ಏನೂ ಉಳಿಯುವುದಿಲ್ಲ.

ನಾಗಿ ತನ್ನ ಕೆಂಪು ಹೇಂಟೆಯನ್ನು ಕೂರಿಸಿದಳು. ಗೋಡೆಗೆ ಇದ್ದಿಲಲ್ಲಿ ದಿನಕ್ಕೊಂದು ಗೀರು. ಇಪ್ಪತ್ತೊಂದು ಗೀರಾಯಿತು, ಮೊಟ್ಟೆ ಅಲುಗಲಿಲ್ಲ. ಅವಳ ಗಂಡ ಕೆರಿಯ, ಬೀಡಿ ಹಚ್ಚುತ್ತ, ಹೆಗಡೇರ ಮನೆಯ ಬಾತು ಮಡಿ ಹಿಡಿದಿರಬೇಕು ಎಂದು ನಕ್ಕ. ನಾಗಿಗೆ ನಗು ಬರಲಿಲ್ಲ. ಇಷ್ಟು ವರ್ಷದಲ್ಲಿ ಅವಳ ಕೋಳಿಯ ಕೆಳಗೆ ಹೀಗಾದದ್ದೇ ಇಲ್ಲ. ಇಪ್ಪತ್ತೆರಡನೆಯ ದಿನವೂ ಸುಮ್ಮನಿದ್ದಾಗ, ಇವು ಬರೀ ಹುಸಿ ಎಂದು ಅವಳಿಗೆ ಖಾತ್ರಿಯಾಯಿತು. ಒಂದನ್ನು ಕೈಗೆತ್ತಿಕೊಂಡು ಕಲ್ಲಿಗೆ ಕುಟ್ಟಿದಳು.

ಒಳಗೆ ಕೊಕ್ಕಿತ್ತು. ಚಪ್ಪಟೆ ಕೊಕ್ಕು, ಬೆರಳ ನಡುವೆ ತೆಳು ಪೊರೆಯ ಕಾಲು. ನಾಗಿಯ ಅಂಗೈಯಲ್ಲಿ ಎರಡು ಸಲ ಅದು ಉಸಿರಿಗೆಂಬಂತೆ ಬಾಯಿ ತೆರೆಯಿತು. ಮೂರನೆಯ ಸಲ ತೆರೆಯಲಿಲ್ಲ.

ಸೊಸೆ ದಿವ್ಯಾ ಓಡಿಬಂದು ನೋಡಿ, ಮೊಬೈಲ್ ತೆಗೆದು ಹುಡುಕಿದಳು. ಆಮೇಲೆ ಮೆತ್ತಗೆ ಅಂದಳು, "ಅತ್ತೆ, ಬಾತಿಗೆ ಇಪ್ಪತ್ತೆಂಟು ದಿನ ಬೇಕಂತೆ."

ಗಲಾಟೆಗೆ ಬೆದರಿತೋ, ತನ್ನ ದಿನ ಮುಗಿಯಿತೆಂದುಕೊಂಡಿತೋ, ಹೇಂಟೆಯೂ ಎದ್ದು ಹೊರಟಿತು. ಎರಡು ಸಲ ಹಿಡಿದು ಕೂರಿಸಿದರೂ ಕೂರಲಿಲ್ಲ. ಉಳಿದ ಆರನ್ನು ನಾಗಿ ಬಿಸಿ ಮಾಡಿದ ಉಮಿಯಲ್ಲಿ ಹುದುಗಿಸಿ, ಬುಟ್ಟಿಗೆ ಕಂಬಳಿ ಸುತ್ತಿ ಹೆಗಡೇರ ಮನೆಗೆ ನಡೆದಳು. ದಾರಿಯುದ್ದಕ್ಕೂ ಸುಳ್ಳು ಹುಡುಕಿದಳು: ಇಲಿ ಬಂತು ಅನ್ನಲೇ, ಕೋಳಿ ಮೆಟ್ಟಿತು ಅನ್ನಲೇ. ರಾಜೀವಿಯ ಮುಖ ಕಂಡ ಮೇಲೆ ಒಂದೂ ಬಾಯಿಗೆ ಬರಲಿಲ್ಲ.

"ಒಂದ್ ನಾನೇ ಒಡದ್ ಹಾಕ್ದೆ ಅಮ್ಮ. ಜೀವ ಇತ್ತು."

ರಾಜೀವಿ ಬುಟ್ಟಿ ಇಸಿದುಕೊಂಡಳು. ಅಗಳಿ ಹಾಕದೆ ಮಲಗಿದವಳು ತಾನು, ಬೈಯುವುದು ಯಾರಿಗೆ? ಈಗ ಬೆಚ್ಚಗೆ ಇಡುವುದು ಎಲ್ಲಿ ಎಂದಷ್ಟೇ ಕೇಳಿದಳು. ನಾಗಿಯ ಕಣ್ಣು ಬಚ್ಚಲಮನೆಯ ಕಡೆ ಹೋಯಿತು. ಹಂಡೆಯ ಒಲೆಯ ಹಿಂದಿನ ಮಣ್ಣಿನ ಕಟ್ಟೆ ಹಗಲೂ ರಾತ್ರಿಯೂ ಬೆಚ್ಚಗಿರುತ್ತದೆ. ಆದರೆ ಅದು ಮನೆಯ ಒಳಗೇ.

ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ವೆಂಕಮ್ಮ ತಲೆಯೆತ್ತದೆ ಹೇಳಿದರು, "ಬಚ್ಚಲಿಗೆ ಎಂತ ಮಡಿ? ಅಲ್ಲಿ ಎಂತ ಇದ್ರೂ ಆನು ಕೇಳ್ತ್ನಿಲ್ಲೆ."

ಮುಂದಿನ ಆರು ದಿನ ನಾಗಿ ಬೆಳಿಗ್ಗೆ, ಸಂಜೆ ಬಂದಳು. ಮುಚ್ಚಿದ ಕಣ್ಣಿನ ರೆಪ್ಪೆಗೆ ಮೊಟ್ಟೆ ತಾಗಿಸಿ ನೋಡುವುದನ್ನು ರಾಜೀವಿಗೆ ಕಲಿಸಿದಳು: ಹಿತವಾಗಿ ಬೆಚ್ಚಗಿದ್ದರೆ ಸರಿ, ಚುರುಕ್ಕೆಂದರೆ ಬುಟ್ಟಿ ಹಿಂದೆ ಸರಿಸಬೇಕು. ಉಗುರುಬೆಚ್ಚಗಿನ ನೀರು ಚಿಮುಕಿಸುವುದನ್ನೂ ಹೇಳಿಕೊಟ್ಟಳು. ಅವರಿಬ್ಬರೂ ಇಲ್ಲದ ಹೊತ್ತಿನಲ್ಲಿ ಒಲೆಗೆ ಕಟ್ಟಿಗೆಯ ಕುಂಟೆ ದೂಡುತ್ತಿದ್ದವರು ವೆಂಕಮ್ಮ. ಕೇಳಿದರೆ, ಸೊಂಟನೋವು, ಬಿಸಿನೀರು ಎಷ್ಟಿದ್ದರೂ ಸಾಲದು ಅನ್ನುತ್ತಿದ್ದರು. ಬುಟ್ಟಿಯ ಕಡೆ ಮಾತ್ರ ನೋಡುತ್ತಿರಲಿಲ್ಲ.

ಇಪ್ಪತ್ತೆಂಟನೆಯ ದಿನ ಬೆಳಿಗ್ಗೆ ಮೊದಲ ಚಿಪ್ಪು ಬಿರಿಯಿತು. ಮಧ್ಯಾಹ್ನದೊಳಗೆ ಮೂರು ಮರಿ ಉಮಿಯಲ್ಲಿ ಹೊರಳುತ್ತಿದ್ದವು. ಎರಡು ಮೊಟ್ಟೆ ತಣ್ಣಗೆ ಸುಮ್ಮನಿದ್ದವು. ಆರನೆಯದರಲ್ಲಿ ಕಡಲೆಕಾಳಿನಷ್ಟು ತೂತು, ಅದರಲ್ಲಿ ಕೊಕ್ಕಿನ ತುದಿ. ಅಷ್ಟೇ. ಒಂದು ಗಂಟೆ ಕಳೆಯಿತು, ಎರಡು ಕಳೆಯಿತು, ತೂತು ದೊಡ್ಡದಾಗಲಿಲ್ಲ. ಕೂಗು ಸಣ್ಣದಾಯಿತು.

ಇನ್ನು ಸಾಯುತ್ತದೆ, ಒಂದು ಚೂರು ಚಿಪ್ಪು ಕಿತ್ತರೇನು ಎಂದು ರಾಜೀವಿ ಕೈ ಚಾಚಿದಳು. ನಾಗಿ ಆ ಕೈ ಹಿಡಿದಳು. ಹೆಗಡೇರ ಮನೆಯವರ ಕೈಯನ್ನು ಅವಳು ಹಾಗೆ ಹಿಡಿದದ್ದು ಅದೇ ಮೊದಲು.

"ಬ್ಯಾಡ ಅಮ್ಮ. ನಂಗೂ ಹಂಗೇ ಅನಸ್ತದೆ. ಅದಕ್ಕೇ ಬ್ಯಾಡ."

ಇಬ್ಬರೂ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ನಾಗಿ ತನ್ನ ಎರಡೂ ಕೈಯನ್ನು ಮಂಡಿಯ ಸಂದಿನಲ್ಲಿ ಒತ್ತಿ ಹಿಡಿದಿದ್ದಳು. ಕೂಗು ನಿಂತಾಗ ಕಣ್ಣು ಮುಚ್ಚಿದಳು. ಮತ್ತೆ ಕೇಳಿದಾಗ ತೆರೆದಳು. ವೆಂಕಮ್ಮ ಬಾಗಿಲ ತನಕ ಬಂದು, ನೀರು ಕಾದಿದೆಯೇ ಎಂದು ಮೂರು ಸಲ ವಿಚಾರಿಸಿ ಹೋದರು. ನಾಲ್ಕನೆಯ ಸಲ ಬಂದವರು ಹೋಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ತೂತಿನಿಂದ ಬಿರುಕೊಂದು ಸುತ್ತಲೂ ಹರಿಯಿತು. ಒಳಗಿನಿಂದ ಒಂದು ನೂಕು, ವಿಶ್ರಾಂತಿ, ಇನ್ನೊಂದು ನೂಕು. ಚಿಪ್ಪಿನ ಟೊಪ್ಪಿ ಕಳಚಿ, ಒದ್ದೆ ಮರಿ ಉಮಿಯ ಮೇಲೆ ಮುಖ ಅಡಿಯಾಗಿ ಬಿತ್ತು. ಬಿದ್ದಲ್ಲೇ ತಲೆಯೆತ್ತಿತು.

ನಾಗಿ ಆಗಲೂ ಮಂಡಿಯ ಸಂದಿನಿಂದ ಕೈ ತೆಗೆಯಲಿಲ್ಲ. ಬಾಗಿಲಲ್ಲಿ ನಿಂತ ವೆಂಕಮ್ಮನೇ ಅಂದರು, "ಈಗ ಮುಟ್ಟೇ ಮಾರಾಯ್ತಿ. ಈಗ ಅಡ್ಡಿಲ್ಲೆ."