ನೆನಪಿಲ್ಲದ ಓಟ

ಹಾಲಿಸ್ಟರ್ ಟ್ರೋಫಿಯನ್ನು ಒಮ್ಮೆ ಗೆದ್ದವನಿಗೆ ಸಾಯುವ ತನಕ ಒಂದು ಮತ ಇರುತ್ತದೆ. ದೇಶದ ಉದ್ದಗಲಕ್ಕೂ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲನ್ನು ಕಾಲೇಜುಗಳಲ್ಲಿ ಆಡುವ ಸಾವಿರಾರು ಹುಡುಗರಲ್ಲಿ ಆ ವರ್ಷ ಎಲ್ಲರಿಗಿಂತ ಮೇಲಾದವನು ಯಾರೆಂದು ಪತ್ರಿಕೆಯವರೂ ಹಳೆಯ ವಿಜೇತರೂ ಸೇರಿ ತೀರ್ಮಾನಿಸುತ್ತಾರೆ. ಟ್ರೂಯೆಟ್ ಮೇಬ್ರಿ ಅದನ್ನು ಗೆದ್ದು ನಲವತ್ತೊಂದು ವರ್ಷವಾಗಿತ್ತು. ಅಲಬಾಮಾದ ಕ್ಯಾಲವೇ ಊರಿನಲ್ಲಿ ಅವನ ಹೆಸರಿನದೇ ಒಂದು ರಸ್ತೆಯಿತ್ತು. ಈಚೆಗೆ ಆ ರಸ್ತೆಯಿಂದ ಮನೆಗೆ ಬರುವ ದಾರಿ ಅವನಿಗೆ ತಪ್ಪಿಹೋಗುತ್ತಿತ್ತು.

ಡಾಕ್ಟರು ಹೇಳಿದ ಕಾಯಿಲೆಯ ಹೆಸರನ್ನು ಅವನ ಹೆಂಡತಿ ವಾನ್ಸೀಲ್ ಯಾರ ಮುಂದೂ ಆಡಿರಲಿಲ್ಲ. ಕೇಳಿದವರಿಗೆ "ವಯಸ್ಸಾಯ್ತಲ್ಲ" ಎಂದುಬಿಡುತ್ತಿದ್ದಳು. ಅರವತ್ತೆರಡು ಅಂಥ ವಯಸ್ಸೇನೂ ಅಲ್ಲವೆಂದು ಕೇಳಿದವರಿಗೂ ಗೊತ್ತಿತ್ತು, ಯಾರೂ ಕೆದಕುತ್ತಿರಲಿಲ್ಲ. ಕಾರಿನ ಕೀಲಿಯನ್ನು ಅವಳು ಅವನಿಂದ ವಸಂತದಲ್ಲೇ ತೆಗೆದುಕೊಂಡಿದ್ದಳು. ಆಮೇಲೆ ಒಲೆ ಹಚ್ಚುವುದು, ಗಡ್ಡದ ಬ್ಲೇಡು, ಬೇಟೆಯ ಬಂದೂಕು, ಒಂದೊಂದಾಗಿ ಎಲ್ಲವೂ ಅವನ ಕೈತಪ್ಪಿದ್ದವು. ಉಳಿದದ್ದು ಆ ಮತ ಒಂದೇ.

ಆ ವರ್ಷ ಮತ ಯಾರಿಗೆಂಬ ಪ್ರಶ್ನೆಯೇ ಇರಲಿಲ್ಲ. ಕ್ಯಾಲವೇ ಕಾಲೇಜಿನ ಕ್ವಾರ್ಟರ್‌ಬ್ಯಾಕ್, ಎಂದರೆ ಚೆಂಡು ಎಸೆದು ಆಟ ನಡೆಸುವವನು, ಡೆಶಾನ್ ಟಾಲಿವರ್ ಊರಿನ ಹುಡುಗ, ಹತ್ತಿ ಗಿರಣಿಯ ಹಿಂದಿನ ಬೀದಿಯವನು. ಅವನ ತಾಯಿ ಶಾಲೆಯ ಅಡಿಗೆಮನೆಯಲ್ಲಿ ದುಡಿಯುತ್ತಿದ್ದಳು. ಅವನು ಚೆಂಡನ್ನು ಎಸೆದರೆ ಅದು ಅರ್ಧ ಮೈದಾನ ದಾಟಿ ಓಡುವವನ ಎದೆಯ ಮೇಲೇ ಇಳಿಯುತ್ತಿತ್ತು. ಆ ಋತುವಿನಲ್ಲಿ ಮೂವತ್ತೆಂಟು ಬಾರಿ ಅವನ ಎಸೆತ ಕೊನೆಯ ಗೆರೆ ದಾಟಿತ್ತು. ಕ್ಷೌರದಂಗಡಿಯ ಗಾಜಿಗೂ, ಬ್ಯಾಂಕಿನ ಬಾಗಿಲಿಗೂ ಅವನ ಚಿತ್ರವನ್ನೇ ಅಂಟಿಸಿದ್ದರು.

ಕೊನೆಯ ಆಟ ಬದ್ಧವೈರಿ ಹಾರ್ಗ್ರೋವ್ ಕಾಲೇಜಿನ ಮೇಲೆ. ಮೂರನೆಯ ಭಾಗದಲ್ಲಿ, ಕ್ಯಾಲವೇ ನಾಲ್ಕು ಅಂಕ ಮುಂದಿದ್ದಾಗ, ಡೆಶಾನ್‌ನ ತಲೆಗೆ ಪಕ್ಕದಿಂದ ಒಂದು ಹೊಡೆತ ಬಿತ್ತು. ಎದ್ದು ನಿಂತ. ಮುಂದಿನ ಚೆಂಡನ್ನೂ ಎಸೆದ. ಅದು ಸರಿಯಾಗಿಯೇ ಹೋಯಿತು. ಆಮೇಲೆ ತಾನಾಗಿ ನಡೆದು ಮೈದಾನದ ಅಂಚಿಗೆ ಬಂದು ತಂಡದ ಡಾಕ್ಟರ ಹತ್ತಿರ ಏನೋ ಹೇಳಿದ, ಹೆಲ್ಮೆಟ್ ತೆಗೆದು ಅವರ ಕೈಗೆ ಕೊಟ್ಟ, ಬೆಂಚಿನ ಮೇಲೆ ಕೂತ. ಮತ್ತೆ ಏಳಲಿಲ್ಲ. ಕ್ಯಾಲವೇ ಮೂರು ಅಂಕಗಳಿಂದ ಸೋತಿತು.

"ಮುಂದಿನ ಎಸೆತಕ್ಕೆ ತಂಡದೋರಿಗೆ ಸಂಕೇತ ಕೂಗ್ಬೇಕಿತ್ತು, ಬಾಯಿಗೆ ಬರ್ಲಿಲ್ಲ," ಎಂದು ಡೆಶಾನ್ ಪತ್ರಿಕೆಯವರಿಗೆ ಹೇಳಿದ. "ಕೊನೇದಾಗಿ ಎಸೆದ ಚೆಂಡೂ ನೆನಪಿಲ್ಲ. ಅದಕ್ಕೇ ಹೋಗಿ ಹೇಳ್ದೆ."

ಊರಿಗೆ ಊರೇ ತಿರುಗಿಬಿತ್ತು. ರೇಡಿಯೋದಲ್ಲಿ ಜನ ಫೋನ್ ಮಾಡಿ ಮಾಡಿ ಬೈದರು. ಅಂಗಡಿಯಲ್ಲಿ ವಾನ್ಸೀಲ್‌ಳ ಮುಂದೆ ನಿಂತಿದ್ದ ಹೆಂಗಸು, "ನನ್ ಮಗ ಆಗಿದ್ರೆ ಕಾಲು ಮುರಿದ್ರೂ ಆಡ್ತಿದ್ದ. ಕೈ ಕಾಲು ನೆಟ್ಟಗಿದ್ದೂ ಕೂತ್ಬಿಟ್ನಲ್ಲ!" ಎಂದಳು. ವಾನ್ಸೀಲ್ ಕೈಯಲ್ಲಿದ್ದ ಬುಟ್ಟಿಯನ್ನು ಅಲ್ಲೇ ಇಟ್ಟು ಏನನ್ನೂ ಕೊಳ್ಳದೆ ಮನೆಗೆ ಬಂದಳು.

ಮತ ಕಳಿಸಲು ಸೋಮವಾರ ಕೊನೆಯ ದಿನ. ಕಂಪ್ಯೂಟರಿನಲ್ಲಿ ಬರುವ ಫಾರಂನಲ್ಲಿ ಮೂರು ಹೆಸರನ್ನು ಕ್ರಮವಾಗಿ ಬರೆಯಬೇಕು. ಭಾನುವಾರ ಬೆಳಿಗ್ಗೆ ಟ್ರೂಯೆಟ್ ಇನ್ನೂ ಮಲಗಿದ್ದಾಗ ಅವಳು ಅದನ್ನು ತೆರೆದಳು. ಮೊದಲ ಸಾಲಿನಲ್ಲಿ ಡೆಶಾನ್ ಟಾಲಿವರ್ ಎಂದು ಬರೆದಳು. ಕಳಿಸಿಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ, ಗಂಡನಿಗೂ ತಿಳಿಯುತ್ತಿರಲಿಲ್ಲ. ಬೆರಳು ಗುಂಡಿಯವರೆಗೆ ಹೋಗಿ ನಿಂತಿತು. ಇಷ್ಟನ್ನೂ ತಾನೇ ಕಿತ್ತುಕೊಂಡರೆ ಅವನ ಪಾಲಿಗೆ ಇನ್ನೇನು ಉಳಿಯುತ್ತದೆ ಎನಿಸಿತು. ಬರೆದದ್ದನ್ನು ಅಳಿಸಿ ಕಾಫಿ ಮಾಡಲು ಎದ್ದಳು.

ಅವನ ತಲೆ ತಿಳಿಯಾಗಿರುತ್ತಿದ್ದುದು ಮಧ್ಯಾಹ್ನಕ್ಕೆ ಮೊದಲು, ಒಂದೆರಡು ಗಂಟೆ ಮಾತ್ರ. ಚರ್ಚಿನಿಂದ ಬಂದು ಫಾರಂ ತೆಗೆಯಬೇಕೆಂದು ಅವಳು ಕೂರುವಷ್ಟರಲ್ಲಿ ಹೋಯ್ಟ್ ಲೆಡ್‌ಬೆಟರ್ ಹಿಂಬಾಗಿಲಿನಿಂದ ಒಳಗೆ ಬಂದ. ಕೈಯಲ್ಲಿ ಬೇಯಿಸಿದ ಕಡಲೆಕಾಯಿಯ ಪೊಟ್ಟಣ, ಇನ್ನೂ ಬಿಸಿಯಾಗಿತ್ತು. ಹೋಯ್ಟ್ ಮೂರು ವರ್ಷ ಟ್ರೂಯೆಟ್‌ನ ಮುಂದೆ ಓಡಿ, ಅಡ್ಡ ಬಂದವರನ್ನು ಕೆಡವಿ ದಾರಿ ಮಾಡಿಕೊಟ್ಟವನು. ಈಗ ಊರಾಚೆ ಟ್ರ್ಯಾಕ್ಟರ್ ರಿಪೇರಿಯ ಶೆಡ್ಡು ಇಟ್ಟಿದ್ದ. ಮೊಣಕಾಲು ಎರಡೂ ಹೋಗಿದ್ದವು. ನಾಲಗೆ ಮಾತ್ರ ಗಟ್ಟಿಯಾಗಿತ್ತು.

"ಏನೋ ಮುದುಕ, ಓಟು ಹಾಕಿದ್ಯಾ?" ಎನ್ನುತ್ತ ಅಡಿಗೆಮನೆಯ ಮೇಜಿಗೆ ಕುರ್ಚಿ ಎಳೆದುಕೊಂಡ. "ಹಾರ್ಗ್ರೋವ್‌ನೋನಿಗೆ ಹಾಕು ಅನ್ನೋಕೆ ನನಗೇ ಹೊಟ್ಟೆ ಉರಿಯತ್ತೆ. ಆದ್ರೂ ಆ ಕಿಂಬ್ರೆಲ್ ಹುಡುಗ ಮುರಿದ ಬೆರಳಿಗೆ ಪಟ್ಟಿ ಸುತ್ಕೊಂಡು ನೂರಾ ತೊಂಬತ್ತು ಗಜ ಓಡಿದಾನೆ. ಅವನು ಕಣೋ ಗಂಡು. ನಮ್ಮೋನು ತಲೆನೋವು ಅಂತ ಕೂತ್ಕೊಂಡ."

"ತಲೆನೋವಲ್ಲ ಹೋಯ್ಟ್," ಎಂದಳು ವಾನ್ಸೀಲ್.

"ಬಿಡಿ ಮಿಸ್ ವಾನ್ಸೀಲ್. ನಮ್ಮ ಕಾಲದಲ್ಲಿ ಹೀಗೆ ಕೂತಿದ್ರೆ ಕೋಚ್ ನಮಗೆ ಊರಿಗೆ ನಡ್ಕೊಂಡು ಹೋಗಿ ಅಂತಿದ್ರು."

ಟ್ರೂಯೆಟ್ ಕಡಲೆಕಾಯಿ ಬಿಡಿಸುತ್ತಿದ್ದವನು ನಿಲ್ಲಿಸಿದ. "ಟಾಲಿವರ್ ಹುಡುಗನ್ನ ಯಾರಾದ್ರೂ ಹಿಡ್ಕೊಂಡು ಹೊರಗೆ ತಂದ್ರಾ, ಇಲ್ಲಾ ತಾನೇ ಬಂದ್ನಾ?"

"ತಾನೇ ಬಂದ," ಎಂದಳು ಅವಳು.

"ಗೆಲ್ತಾ ಇದ್ದಾಗ?"

"ಹೂಂ. ನಾಲ್ಕು ಅಂಕ ಮುಂದಿದ್ದಾಗ."

ಟ್ರೂಯೆಟ್ ಹೋಯ್ಟ್‌ನ ಕಡೆ ತಿರುಗಿದ. "ನನ್ನ ಆ ಓಟದ ಕತೆ ಹೇಳು."

"ಯಾವುದು? ಅರವತ್ತೆಂಟು ಗಜದ್ದಾ? ಅದನ್ನ ಹೇಳೋನು ನೀನಲ್ವೇನೋ!"

ನಿಜ. ಹಾರ್ಗ್ರೋವ್ ಮೇಲೆ ಕೊನೆಯ ನಿಮಿಷದಲ್ಲಿ ಓಡಿದ ಆ ಓಟವೇ ಟ್ರೂಯೆಟ್‌ಗೆ ಟ್ರೋಫಿ ತಂದದ್ದು. ನಲವತ್ತು ವರ್ಷ ಊಟದ ಕೂಟಗಳಲ್ಲಿ, ಶಾಲೆಗಳಲ್ಲಿ, ಮದುವೆಗಳಲ್ಲಿ ಅವನು ಅದನ್ನು ಹೇಳಿದ್ದ: ಒದ್ದೆ ಹುಲ್ಲಿನ ವಾಸನೆ, ಅಂಗಿಗೆ ತಾಗಿ ಜಾರಿಹೋದ ಒಬ್ಬನ ಬೆರಳು, ಎಡಕ್ಕೆ ತಿರುಗಿದ ಕೂಡಲೇ ಕಂಡ ಬರಿದಾದ ಬಯಲು. ವಾನ್ಸೀಲ್‌ಗೆ ಅದರ ಪ್ರತಿ ಮಾತೂ ಬಾಯಿಪಾಠ. ಆ ದಿನ ಅವಳೂ ಜನರ ನಡುವೆ ಕೂತು ಗಂಟಲು ಹರಿಯುವಂತೆ ಕೂಗಿದ್ದಳು. ಮುಂದಿನ ಬೇಸಿಗೆಯಲ್ಲಿ ಅವರ ಮದುವೆಯಾಗಿತ್ತು.

"ಅದು ನಾನು ಫಿಲ್ಮಲ್ಲಿ ನೋಡಿದ್ದು," ಎಂದ ಟ್ರೂಯೆಟ್. "ಸೋಮವಾರ ಕೋಚ್ ರೂಮಲ್ಲಿ ತೋರಿಸಿದ್ರಲ್ಲ, ಆಗ ಗೊತ್ತಾಯ್ತು ನಾನು ಓಡಿದೀನಿ ಅಂತ. ಹುಲ್ಲಿನ ವಾಸನೆ ಆಮೇಲೆ ನಾನೇ ಸೇರಿಸ್ದೆ."

ವಾನ್ಸೀಲ್ ಅವನ ಕೈ ಮೇಲೆ ಕೈಯಿಟ್ಟಳು. "ಈಗ ಮರೆತುಹೋಗಿದೆ ಅಷ್ಟೇ, ಚಿನ್ನ."

"ಇಲ್ಲ. ಮರೆತಿರೋದು ಹೇಗಿರತ್ತೆ ಅಂತ ನನಗೆ ಈಗ ಚೆನ್ನಾಗಿ ಗೊತ್ತು," ಎಂದ ಅವನು, ಯಾವ ಕೋಪವೂ ಇಲ್ಲದೆ. "ಇದು ಮರೆತಿದ್ದಲ್ಲ. ಇದು ಯಾವತ್ತೂ ಇರ್ಲೇ ಇಲ್ಲ."

ಅಲ್ಲವೆಂದು ಹೇಳಲಿ ಎಂದು ಅವಳು ಹೋಯ್ಟ್‌ನ ಮುಖ ನೋಡಿದಳು. ಹೋಯ್ಟ್ ಮೇಜಿನ ಮೇಲಿನ ಸಿಪ್ಪೆಗಳನ್ನು ದಪ್ಪ ಬೆರಳಿನಿಂದ ಒಂದು ಕಡೆಗೆ ಒತ್ತರಿಸುತ್ತಿದ್ದ.

"ಹೋಯ್ಟ್?"

"ಆಟದ ಮಧ್ಯೆ ಇವನ ತಲೆಗೆ ಹೊಡೆತ ಬಿತ್ತು," ಎಂದ ಅವನು. "ಎದ್ದವನು ಹೋಗಿ ಹಾರ್ಗ್ರೋವ್ ಹುಡುಗರ ಗುಂಪಲ್ಲಿ ನಿಂತ್ಕೊಂಡ. ನಾನೇ ಅಂಗಿ ಹಿಡಿದು ಎಳ್ಕೊಂಡು ಬಂದೆ. ಆಮೇಲೆ ಪೂರ್ತಿ ನಾನೇ ಹೇಳಿ ಹೇಳಿ ಆಡ್ಸಿದ್ದು. ಬಲಕ್ಕೆ ಅಂದ್ರೆ ಬೆನ್ನಿನ ಬಲಗಡೆ ತಟ್ತಿದ್ದೆ, ಎಡಕ್ಕೆ ಅಂದ್ರೆ ಎಡಗಡೆ. ಆ ಓಟಕ್ಕೆ ಎಡಗಡೆ ತಟ್ಟಿದ್ದೆ."

"ಕೋಚ್‌ಗೆ ಗೊತ್ತಿರ್ಲಿಲ್ವಾ?"

"ಎಲ್ರಿಗೂ ಗೊತ್ತಿತ್ತು, ಮಿಸ್ ವಾನ್ಸೀಲ್. ಯಾರಿಗಾದ್ರೂ ಆಗ್ತಾನೇ ಇತ್ತು. ತಲೇಲಿ ಚರ್ಚಿನ ಗಂಟೆ ಹೊಡೀತಾ ಅಂತ ಕೇಳಿ ನಗ್ತಿದ್ವಿ."

ವಾನ್ಸೀಲ್ ಎದ್ದು ಹಿಂಬಾಗಿಲಿನ ಮೆಟ್ಟಿಲಿಗೆ ಹೋಗಿ ನಿಂತಳು. ಪೆಕಾನ್ ಮರದ ಕೆಳಗೆ ಕಾಯಿಗಳು ಉದುರಿ ಬಿದ್ದಿದ್ದವು, ಆರಿಸುವವರಿರಲಿಲ್ಲ. ಹೋಯ್ಟ್‌ನ ಕೆನ್ನೆಗೆ ಬಾರಿಸಬೇಕು ಎನ್ನಿಸುವಷ್ಟು ಸಿಟ್ಟು ಬಂದಿತ್ತು. ಅದರ ಹಿಂದೆಯೇ, ಆ ದಿನ ತಾನು ಕೂಗಿದ ಕೂಗು ನೆನಪಾಗಿ ಸಿಟ್ಟು ಎತ್ತ ತಿರುಗಬೇಕೆಂದು ತಿಳಿಯದೆ ನಿಂತುಬಿಟ್ಟಿತು.

"ವಾನ್ಸೀಲ್, ಫಾರಂ ತೆಗಿ," ಎಂದು ಒಳಗಿನಿಂದ ಟ್ರೂಯೆಟ್ ಕರೆದ.

ಅವಳು ಬಂದು ಕೂತಳು.

"ಮೊದಲ್ನೇದು ಟಾಲಿವರ್."

"ಸೋತ್ನಲ್ಲೋ," ಎಂದ ಹೋಯ್ಟ್. ಅವನ ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

"ಅವನೆಲ್ಲಿ ಸೋತ? ಮೂವತ್ತೆಂಟು ಸಲ ಗೆರೆ ದಾಟಿಸಿದೋನು ಇನ್ಯಾರಿದಾರೆ ಹೇಳು. ಅವನ ಕೈ ನೋಡಿದೀಯ ನೀನು? ಆ ಕೈಗೇ ನಾನು ಓಟು ಹಾಕ್ತಿದ್ದೆ." ಟ್ರೂಯೆಟ್ ಉಸಿರು ತೆಗೆದುಕೊಂಡ. ಇಷ್ಟು ಉದ್ದದ ಮಾತು ಅವನಿಂದ ಬಂದು ತಿಂಗಳುಗಳಾಗಿದ್ದವು. "ಜನ ಕೂಗ್ತಿರುವಾಗ ಓಡೋದು ಕಷ್ಟ ಅಲ್ಲ ಹೋಯ್ಟ್. ಕಾಲು ತಾವೇ ಓಡ್ತವೆ, ತಲೆ ಇಲ್ದಿದ್ರೂ ಓಡ್ತವೆ, ನಾನು ಓಡಿದೀನಲ್ಲ. ಜನ ಕೂಗ್ತಿರುವಾಗ ನಿಲ್ಲೋದು ನನ್ನ ಕೈಲಿ ಆಗ್ತಿರ್ಲಿಲ್ಲ. ನಿನ್ನ ಕೈಲೂ ಆಗ್ತಿರ್ಲಿಲ್ಲ."

ಹೋಯ್ಟ್ ಕಡಲೆಕಾಯಿಯ ಪೊಟ್ಟಣವನ್ನು ಗೆಳೆಯನ ಕಡೆ ಸರಿಸಿದ.

"ಎರಡ್ನೇದು?" ಎಂದಳು ವಾನ್ಸೀಲ್.

"ಆ ಬೆರಳು ಮುರ್ಕೊಂಡೋನು. ಒಳ್ಳೇ ಓಟಗಾರ. ಬೆರಳು ಹೇಗಿದೆ ಅಂತ ಯಾರಾದ್ರೂ ಅವನ್ನ ಕೇಳಿ."

"ಮೂರ್ನೇದು?"

ಟ್ರೂಯೆಟ್ ಬಹಳ ಹೊತ್ತು ಯೋಚಿಸಿದ. "ಹೋಯ್ಟ್ ಲೆಡ್‌ಬೆಟರ್," ಎಂದ.

ಹಾಸ್ಯ ಮಾಡುತ್ತಿದ್ದಾನೆಯೋ, ಒಳ್ಳೆಯ ಗಳಿಗೆ ಮುಗಿಯುತ್ತ ಬಂತೋ ಎಂದು ವಾನ್ಸೀಲ್ ಅವನ ಕಣ್ಣು ನೋಡಿದಳು, ಗೊತ್ತಾಗಲಿಲ್ಲ. ಹೋಯ್ಟ್ ಟೋಪಿ ತೆಗೆದು ಮುಖಕ್ಕೆ ಅಡ್ಡ ಹಿಡಿದ. ಅವನ ಭುಜಗಳು ಅಲುಗುತ್ತಿದ್ದವು. ಕೊನೆಗೆ ಕ್ಯಾಲವೇ ತಂಡದಲ್ಲಿ ಎದುರಾಳಿಗಳಿಂದ ಡೆಶಾನ್‌ನನ್ನು ಕಾಯುತ್ತಿದ್ದ ಒಬ್ಬ ದಢೂತಿ ಹುಡುಗನ ಹೆಸರನ್ನು ಅವಳು ಸೂಚಿಸಿದಳು. ಟ್ರೂಯೆಟ್ ಆಗಲಿ ಎಂದ. ಕಳಿಸುವ ಗುಂಡಿಯನ್ನು ಅವನೇ ಒತ್ತಿದ. ಎಲ್ಲಿ ಒತ್ತಬೇಕೆಂಬುದನ್ನಷ್ಟೇ ಅವಳು ತೋರಿಸಿದಳು.

ಬುಧವಾರ ಹೋಯ್ಟ್ ಫೋನ್ ಮಾಡಿದ. "ರೇಡಿಯೋದಲ್ಲಿ ಹೇಳ್ಲಾ? ನಾನು ಮಾಡಿದ್ದನ್ನ? ನೀವು ಬೇಡ ಅಂದ್ರೆ ಬಿಡ್ತೀನಿ." ವಾನ್ಸೀಲ್ ಯೋಚಿಸಲು ಒಂದು ದಿನ ಬೇಕೆಂದಳು. ಹೇಳಿದರೆ ಆ ಓಟದ ಕತೆ ಊರಿಗೆ ಇಲ್ಲವಾಗುತ್ತದೆ. ತಲೆಗೆ ಬಿದ್ದ ಹೊಡೆತಗಳಿಂದ ಬಂದ ಆ ಕಾಯಿಲೆಯ ಹೆಸರೂ ಹೊರಗೆ ಬರುತ್ತದೆ. ಮರುದಿನ, "ಹೇಳು. ಕಾಯಿಲೆ ಹೆಸರನ್ನೂ ಹೇಳು. ಸರಿಯಾಗಿ ಹೇಳು," ಎಂದು ಅಕ್ಷರ ಬಿಡಿಸಿ ಬರೆಸಿದಳು.

ಶುಕ್ರವಾರದ ಕಾರ್ಯಕ್ರಮದಲ್ಲಿ ಅವನು ಹೇಳಿದ. ಮಾತು ತಡವರಿಸಿತು, ಆದರೆ ಅಂಗಿ ಹಿಡಿದು ಎಳೆದದ್ದು, ಬೆನ್ನು ತಟ್ಟಿದ್ದು ಯಾವುದನ್ನೂ ಬಿಡಲಿಲ್ಲ. "ಆ ಹುಡುಗನ್ನ ನಾನು ಹೇಡಿ ಅಂದಿದ್ದೆ. ನನ್ನದೇ ತಪ್ಪು," ಎಂದು ಮುಗಿಸಿದ. ಆಮೇಲೆ ಫೋನ್ ಮಾಡಿದವರಲ್ಲಿ ಕೆಲವರು ಅವನನ್ನೂ ಬೈದರು. ಒಬ್ಬ ಮುದುಕಿ ಮಾತ್ರ ತನ್ನ ಗಂಡನೂ ಅದೇ ತಂಡದಲ್ಲಿ ಆಡಿದ್ದನೆಂದು ಹೇಳಿ, ಮುಂದೆ ಹೇಳಲಾಗದೆ ಫೋನ್ ಇಟ್ಟಳು.

ಡಿಸೆಂಬರಿನಲ್ಲಿ ಟ್ರೋಫಿ ಕಿಂಬ್ರೆಲ್‌ಗೆ ಹೋಯಿತು. ಡೆಶಾನ್ ಮೂರನೆಯವನಾದ. ಮೇಬ್ರಿ ದಂಪತಿ ಆ ಸಲ ಟ್ರೋಫಿ ಕೊಡುವ ಸಮಾರಂಭಕ್ಕೆ ನ್ಯೂಯಾರ್ಕಿಗೆ ಹೋಗಲಿಲ್ಲ, ಸಂಜೆ ಟೀವಿಯಲ್ಲೇ ನೋಡಿದರು. ಹಳೆಯ ವಿಜೇತರೆಲ್ಲ ವೇದಿಕೆಯ ಮೇಲೆ ನಿಂತಿದ್ದನ್ನು ಕಂಡು ಟ್ರೂಯೆಟ್ ಎದ್ದು ಅಂಗಿಯ ಗುಂಡಿ ಹಾಕಿಕೊಂಡ. "ನಾನು ಯಾವಾಗ ಹೋಗ್ಬೇಕು?" ಎಂದ. "ಈ ಸಲ ನನ್ ಜೊತೇಲೇ ಇರು," ಎಂದಳು ಅವಳು.

ಕ್ರಿಸ್‌ಮಸ್‌ಗೆ ನಾಲ್ಕು ದಿನವಿರುವಾಗ, ಮಧ್ಯಾಹ್ನ, ಡೆಶಾನ್ ಬಂದ. ಅಷ್ಟು ಎತ್ತರದ ಹುಡುಗ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅವನ ತಾಯಿ ಕಳಿಸಿದ್ದಳಂತೆ. ಅವನಿಗೂ ಬರಬೇಕೆಂದಿತ್ತಂತೆ.

"ಮ್ಯಾಮ್, ಅವರು ನನಗೆ ಹಾಕಿದ್ರು ಅಂತ ಮಿಸ್ಟರ್ ಹೋಯ್ಟ್ ಹೇಳಿದ್ರು."

"ಹಾಕಿದ್ರು. ಆದ್ರೆ ಮಧ್ಯಾಹ್ನ ಆಗೋಯ್ತು, ಮಗು. ನೀನು ಯಾರು ಅಂತ ಅವರಿಗೆ ಗೊತ್ತಾಗದೆ ಇರಬಹುದು."

"ಪರವಾಗಿಲ್ಲ ಮ್ಯಾಮ್. ಕೂತಿರ್ತೀನಿ."

ತಲೆ ಹೇಗಿದೆ ಎಂದು ಅವಳು ಕೇಳಿದಳು. ಬೆಳಕು ನೋಡಿದರೆ ಈಗ ನೋವಾಗುವುದಿಲ್ಲ, ವಸಂತದಲ್ಲಿ ಮತ್ತೆ ಚೆಂಡು ಹಿಡಿಯಬಹುದೆಂದು ಡಾಕ್ಟರು ಹೇಳಿದ್ದಾರೆ ಎಂದ.

ಟ್ರೂಯೆಟ್ ಕಿಟಕಿಯ ಪಕ್ಕದ ಕುರ್ಚಿಯಿಂದ ಅವನನ್ನು ಮೇಲಿನಿಂದ ಕೆಳಗೆ ನೋಡಿದ. "ಆಟಗಾರನ ಹಾಗಿದೀಯ. ಏನಾಡ್ತೀಯ?"

"ಚೆಂಡು ಎಸೀತೀನಿ ಸರ್."

"ಒಳ್ಳೇದು. ಓಡೋರಿಗೆ ಹೊಡೆತ ಜಾಸ್ತಿ."

"ಹೌದು ಸರ್."

ವಾನ್ಸೀಲ್ ಪೆಕಾನ್ ಬೀಜದ ಸಿಹಿ ಪೈ ಕತ್ತರಿಸಲು ಅಡಿಗೆಮನೆಗೆ ಹೋದಳು. ಅಲ್ಲಿಗೆ ಮಾತು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಟ್ರೂಯೆಟ್ ಮತ್ತೆ ಕೇಳಿದ, "ಏನಾಡ್ತೀಯ ನೀನು?" ಹುಡುಗ, ಈಗಷ್ಟೇ ಕೇಳಿಸಿಕೊಂಡವನಂತೆ, ಅದೇ ಮರ್ಯಾದೆಯಿಂದ, "ಚೆಂಡು ಎಸೀತೀನಿ ಸರ್," ಎಂದ.