ಕಡಗದ ಕೆಳಗಿನ ಬರೆ

ಅಫಜಲಪುರದ ದನದ ಸಂತೆಯಲ್ಲಿ ದೇವೀಂದ್ರಪ್ಪನ ಎತ್ತು ಕೊಳ್ಳುವವರು ಅದರ ಬಾಯಿ ತೆರೆದು ಹಲ್ಲು ನೋಡುತ್ತಿರಲಿಲ್ಲ. ಎತ್ತಿನಲ್ಲಿ ಐಬು ಇದ್ದರೆ ಅವನೇ ಮೊದಲು ಹೇಳುತ್ತಿದ್ದ: "ಇದು ಹಾಯ್ತದ. ಅದು ಮಳಿಗಾಲದಾಗ ಕುಂಟ್ತದ. ಬೇಕಾದ್ರ ಒಯ್ಯಿರಿ." ನಿಜಾಮರ ಕಾಲದ ನಾಲ್ಕಾರು ಹಾಲಿ ರೂಪಾಯಿ ಕಡಿಮೆ ಬರುತ್ತಿತ್ತು. ಆದರೆ ಅವನು ಮಾರಿದ ಎತ್ತು ಎಂದೂ ತಿರುಗಿ ಬಂದಿರಲಿಲ್ಲ. ಅದೇ ಅವನ ಹೆಮ್ಮೆ.

ಅಂಥವನು ಜೀವವಿಮೆ ಮಾಡಿಸುವ ದಿನ ಮುಂಗೈಗೆ ಅಗಲವಾದ ಬೆಳ್ಳಿ ಕಡಗ ಹಾಕಿಕೊಂಡು ಕುಳಿತ. ಅದರ ಕೆಳಗೆ ಎರಡು ಬರೆಗಳಿದ್ದವು. ಎರಡು ಸಲ ಕಾಮಾಲೆ ಬಂದಾಗ ಊರಿನ ಮುದುಕಿ ಕಬ್ಬಿಣ ಕಾಸಿ ಎಳೆದಿದ್ದಳು.

ವಿಮೆ ಏಜೆಂಟ ಖಾದರಸಾಬ ಪಕ್ಕದ ಓಣಿಯವನು. "ದೇವೀಂದ್ರಪ್ಪಣ್ಣ, ಹಿಂದ ಏನರ ದೊಡ್ಡ ಜಡ್ಡು ಬಂದಿತ್ತೇನ್ರಿ?" ಎಂದು ಕೇಳಿದ.

"ದವಾಖಾನಿ ಬಾಗಿಲಾ ನೋಡಿಲ್ಲ ನಾ. ಜಡ್ಡು ಎಲ್ಲಿಂದ ಬರ್ತದ?"

ಅಲ್ಲೇ ಜೋಳ ಹಸನು ಮಾಡುತ್ತಿದ್ದ ಹೆಂಡತಿ ಚಂದಮ್ಮ ಮೊರ ಕೆಳಗಿಟ್ಟಳು. "ಮತ್ತ ಆ ಕಡಗದ ಕೆಳಗ ಏನದರೀ?"

"ಬರೆ ಹಾಕಿದ ಮ್ಯಾಲ ಹೋತಲ್ಲ. ಹೋಗಿದ್ದನ್ನ ಯಾಕ ಹೇಳಬೇಕು? ಸುಮ್ನಿರು ಬೇ."

"ಎತ್ತಿನ ಐಬು ಹೇಳ್ತೀರಿ, ನಿಮ್ಮದು ಮುಚ್ತೀರಿ. ಸಂತ್ಯಾಗಿನ ಮಂದಿಗಿರೋ ನ್ಯಾಯ ಮನಿ ಹೆಂಡ್ತಿಗಿಲ್ಲೇನು?"

ಖಾದರಸಾಬ ನಕ್ಕ. ಆಮೇಲೆ ನೇರವಾಗಿ ಹೇಳಿದ: "ಅಣ್ಣಾ, ದವಾಖಾನಿಗಿ ಹೋಗ್ರಿ, ಬಿಡ್ರಿ, ಜಡ್ಡು ಜಡ್ಡೇ. ಕಂಪನಿ ನಿಮ್ಮ ಮಾತು ನಂಬಿ ಕರಾರು ಮಾಡ್ತದ. ಮುಚ್ಚಿಟ್ಟಿದ್ದು ಮುಂದ ತಿಳೀತಂದ್ರ ಬಿಮಾ ರೊಕ್ಕ ಕೊಡಂಗಿಲ್ಲ ಅನ್ನಬಹುದು. ಆಗ ನೀವು ಇರಂಗಿಲ್ಲ. ಖಾಲಿ ಕೈಲೆ ನಿಲ್ಲಾಕಿ ಚಂದಮ್ಮಕ್ಕ."

"ಹೇಳಿದ್ರ ಕಂಪನಿ ಬ್ಯಾಡ ಅಂದ್ರ?" ಎಂದ ದೇವೀಂದ್ರಪ್ಪ.

"ಅನ್ನಬಹುದು. ಕಂತು ಹೆಚ್ಚು ಮಾಡಬಹುದು. ಆದ್ರ ಅದು ಈಗೇ ತಿಳೀತದ, ನೀವು ಇದ್ದಾಗ."

ದೇವೀಂದ್ರಪ್ಪ ಹೆಂಡತಿಯ ಮುಖ ನೋಡಿದ. ಕಡಗ ತೆಗೆದು ಅವಳ ಮೊರದಲ್ಲಿಟ್ಟು ಕೈ ಮುಂದೆ ಚಾಚಿದ. "ಬರ್ಕೋ. ಎರಡು ಸಲ ಕಾಮಣಿ. ಇನ್ನ ನಿನ್ನ ಮಾಲಿನ ಐಬು ಹೇಳು."

ಖಾದರಸಾಬ ಬರೆದುಕೊಂಡು ಹೇಳಿದ: "ಕಂತು ತಪ್ಪಿದ್ರ ಬಿಮಾ ರದ್ದಾಗ್ತದ. ನಡುವ ಬಿಟ್ರ ಕಟ್ಟಿದ್ದೆಲ್ಲಾ ತಿರುಗಿ ಬರಂಗಿಲ್ಲ."

"ಹಾಂಗ ಬಾ ದಾರಿಗಿ."

ಕಂಪನಿಯ ಡಾಕ್ಟರು ಪರೀಕ್ಷೆ ಮಾಡಿದರು. ಕಂತು ತುಸು ಹೆಚ್ಚಾಯಿತು, ವಿಮೆ ಸಿಕ್ಕಿತು. ಮುಂದಿನ ಸಂತೆಗೆ ದೇವೀಂದ್ರಪ್ಪ ಕಡಗ ಹಾಕದೆಯೇ ಹೋದ. ಬರೆ ಕಂಡು ಕೇಳಿದವರಿಗೆ, "ಇದು ನನ್ನ ಐಬು. ಹೇಳೇ ಬಿಮಾ ಮಾಡಿಸೀನಿ" ಎಂದು ಎದೆ ಸೆಟೆಸಿ ಹೇಳಿದ.

ವಿಮೆ ಮಾಡಿಸುವವರೇ, ಕೇಳಿದ್ದಕ್ಕೆಲ್ಲ ನಿಜ ಹೇಳಿ. ಬರೆಯಿಂದ ಹೋಯಿತೆಂದುಕೊಂಡ ಜಡ್ಡನ್ನೂ ಹೇಳಿ. ಕರಾರಿನ ಷರತ್ತುಗಳನ್ನು ನೀವೂ ಬಾಯಿಬಿಟ್ಟು ಕೇಳಿ. ನೀವು ಇಂದು ನುಂಗಿದ ಮಾತಿಗೆ ನಾಳೆ ಜವಾಬು ಕೊಡಬೇಕಾದವರು ನಿಮ್ಮ ಮನೆಯವರು.